ಅಂತರಜಾಲ ಅರ್ಜಿ ನಮೂನೆಯಿಂದ ವೆಬ್ ಸರ್ವರಿಗೆ ಮಾಹಿತಿ ಸಲ್ಲಿಕೆಯಾಗುವ ಕ್ರಮ

1. ಪೀಠಿಕೆ

ಸರ್ಕಾರದ ಸೇವೆಗಳನ್ನು ಅಂತರಜಾಲದ ಮೂಲಕ ಪಡೆಯುವ ವ್ಯವಸ್ಥೆಯು ಶಿವಮೊಗ್ಗ ನಗರ, ಭದ್ರಾವತಿ ಹಾಗೂ ಜಿಲ್ಲೆಯ ಇತರ ತಾಲ್ಲೂಕುಗಳಲ್ಲಿ ಬಳಕೆಯಲ್ಲಿರುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪಿಂಚಣಿ ಮುಂತಾದವುಗಳಿಗೆ ಸಂಬಂಧಿಸಿದ ಅರ್ಜಿಗಳನ್ನು ಸಾರ್ವಜನಿಕರು ಮನೆಯಿಂದ, ಸೈಬರ್ ಕೇಂದ್ರದಿಂದ ಅಥವಾ ಗ್ರಾಮ ಒನ್‌ನಂತಹ ಸೇವಾ ಕೇಂದ್ರಗಳಿಂದ ಸಲ್ಲಿಸುತ್ತಾರೆ. ಈ ಎಲ್ಲ ಅರ್ಜಿಗಳ ತಳಹದಿಯಲ್ಲಿರುವುದು ಎಚ್‌ಟಿಎಂಎಲ್ ನಮೂನೆ ಎಂಬ ಒಂದೇ ತಾಂತ್ರಿಕ ವ್ಯವಸ್ಥೆ.

ಗಣಕಯಂತ್ರದ ಪರದೆಯ ಮೇಲೆ ನಮೂನೆಯನ್ನು ಭರ್ತಿ ಮಾಡಿ ಗುಂಡಿ ಒತ್ತಿದ ಮಾತ್ರಕ್ಕೆ ಅರ್ಜಿ ಸಲ್ಲಿಕೆಯಾಯಿತೆಂದು ಅನೇಕ ಅರ್ಜಿದಾರರು ಭಾವಿಸುತ್ತಾರೆ. ವಾಸ್ತವದಲ್ಲಿ ಭರ್ತಿ ಮಾಡುವುದು, ರವಾನೆಯಾಗುವುದು ಮತ್ತು ಸ್ವೀಕೃತವಾಗುವುದು ಮೂರು ಬೇರೆ ಬೇರೆ ಘಟನೆಗಳು. ಮೊದಲನೆಯದು ಅರ್ಜಿದಾರರ ಗಣಕಯಂತ್ರದಲ್ಲಿಯೂ, ಎರಡನೆಯದು ಸಂಪರ್ಕ ಜಾಲದಲ್ಲಿಯೂ, ಮೂರನೆಯದು ಸರ್ವರಿನಲ್ಲಿಯೂ ನಡೆಯುತ್ತವೆ. ಇವುಗಳಲ್ಲಿ ಕೊನೆಯದು ನಡೆಯದ ಹೊರತು ಅರ್ಜಿಯು ಕಚೇರಿಯ ದಾಖಲೆಯಲ್ಲಿ ಇರುವುದಿಲ್ಲ. ಈ ವ್ಯತ್ಯಾಸವನ್ನು ಅರಿಯದೆ ಕೊನೆಯ ದಿನಾಂಕ ತಪ್ಪುವುದು, ಒಂದೇ ಅರ್ಜಿ ಎರಡು ಬಾರಿ ದಾಖಲಾಗುವುದು, ಹೆಸರು ವಿರೂಪಗೊಳ್ಳುವುದು ಇತ್ಯಾದಿ ತೊಂದರೆಗಳು ಉಂಟಾಗುತ್ತವೆ. ಆದ್ದರಿಂದ ಮಾಹಿತಿ ಸಲ್ಲಿಕೆಯ ಕ್ರಮವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

2. ಹಿನ್ನೆಲೆ

ಟಿಮ್ ಬರ್ನರ್ಸ್-ಲೀ ಅವರು ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ರೂಪಿಸಿದ ವೆಬ್ ವ್ಯವಸ್ಥೆಯು ಆರಂಭದಲ್ಲಿ ಮುಖ್ಯವಾಗಿ ಪುಟಗಳನ್ನು ಓದುವುದಕ್ಕೆ ಬಳಕೆಯಾಗುತ್ತಿತ್ತು. 1993ರ ವೇಳೆಗೆ ಓದುಗರಿಂದ ಮಾಹಿತಿಯನ್ನು ಪಡೆಯುವ ನಮೂನೆಗಳು ಬಂದವು. ಅದೇ ವರ್ಷ ಅಮೆರಿಕದ ಮೊಸಾಯಿಕ್ ಬ್ರೌಸರ್ ನಮೂನೆಗಳನ್ನು ತೋರಿಸುವ ಸಾಮರ್ಥ್ಯ ಪಡೆಯಿತು. ನಮೂನೆಯಿಂದ ಬಂದ ಮಾಹಿತಿಯನ್ನು ಸರ್ವರಿನಲ್ಲಿರುವ ಕ್ರಮವಿಧಿಗೆ ಹಸ್ತಾಂತರಿಸುವ ಸಿಜಿಐ ಎಂಬ ವಿಧಾನವೂ ಆಗಲೇ ರೂಪುಗೊಂಡಿತು. 1995ರ ನವೆಂಬರ್‌ನಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 2.0 ಮಾನಕದಲ್ಲಿ, ಅಂದರೆ ಆರ್‌ಎಫ್‌ಸಿ 1866ರಲ್ಲಿ, ನಮೂನೆಗಳಿಗೆ ಅಧಿಕೃತ ಸ್ಥಾನ ದೊರೆಯಿತು. ಅದೇ ತಿಂಗಳು ಆರ್‌ಎಫ್‌ಸಿ 1867ರ ಮೂಲಕ ಕಡತಗಳನ್ನು ಲಗತ್ತಿಸುವ ವಿಧಾನವನ್ನು ಸೂಚಿಸಲಾಯಿತು. 2014ರ ಅಕ್ಟೋಬರ್‌ನಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್ 5ರಲ್ಲಿ ದಿನಾಂಕ, ಸಂಖ್ಯೆ, ಇ-ಅಂಚೆ ವಿಳಾಸ ಮುಂತಾದವುಗಳಿಗೆ ಪ್ರತ್ಯೇಕ ಅಂಕಣಗಳನ್ನು ಸೇರಿಸಲಾಯಿತು. ಇಷ್ಟು ಬದಲಾವಣೆಗಳಾದರೂ ನಮೂನೆಯ ಮೂಲ ತತ್ತ್ವವು 1993ರಲ್ಲಿ ಇದ್ದಂತೆಯೇ ಇರುತ್ತದೆ.

3. ನಮೂನೆಯ ಅಂಗಗಳು

ಪ್ರತಿಯೊಂದು ನಮೂನೆಯಲ್ಲಿಯೂ ಅರ್ಜಿದಾರರ ಕಣ್ಣಿಗೆ ಕಾಣದ ಎರಡು ಸೂಚನೆಗಳಿರುತ್ತವೆ.

(ಅ) ಆಕ್ಷನ್: ಮಾಹಿತಿಯನ್ನು ಯಾವ ವಿಳಾಸಕ್ಕೆ ಕಳುಹಿಸಬೇಕು ಎಂಬ ಸೂಚನೆ. ಇದು ಲಕೋಟೆಯ ಮೇಲಿನ ವಿಳಾಸವಿದ್ದಂತೆ.

(ಆ) ಮೆಥಡ್: ಯಾವ ರೀತಿಯಲ್ಲಿ ಕಳುಹಿಸಬೇಕು ಎಂಬ ಸೂಚನೆ. ಗೆಟ್ ಮತ್ತು ಪೋಸ್ಟ್ ಎಂಬ ಎರಡು ರೀತಿಗಳು ಪ್ರಮುಖವಾದವು.

ಇವಲ್ಲದೆ ನಮೂನೆಯೊಳಗೆ ಅಂಕಣಗಳಿರುತ್ತವೆ. ಪ್ರತಿ ಅಂಕಣಕ್ಕೂ ಒಂದು ಹೆಸರು ಮತ್ತು ಒಂದು ಮೌಲ್ಯ ಇರುತ್ತದೆ. ಸರ್ವರಿಗೆ ತಲುಪುವುದು ಇವೆರಡರ ಜೋಡಿಗಳು ಮಾತ್ರ. ಪರದೆಯ ಮೇಲೆ ಕಾಣುವ ಶೀರ್ಷಿಕೆ, ಬಣ್ಣ, ಸೂಚನೆ ಮತ್ತು ಲಾಂಛನಗಳಲ್ಲಿ ಯಾವುದೂ ರವಾನೆಯಾಗುವುದಿಲ್ಲ. ಉದಾಹರಣೆಗೆ, ಭದ್ರಾವತಿಯ ಅರ್ಜಿದಾರರೊಬ್ಬರು ತಾಲ್ಲೂಕು ಮತ್ತು ಪಿನ್ ಕೋಡ್ ಭರ್ತಿ ಮಾಡಿದರೆ, ಬ್ರೌಸರ್ ಸಿದ್ಧಪಡಿಸುವ ಒಕ್ಕಣೆಯ ಸ್ವರೂಪವು ಈ ಕೆಳಕಂಡಂತೆ ಇರುತ್ತದೆ.

ತಾಲ್ಲೂಕು=ಭದ್ರಾವತಿ&ಪಿನ್=577301

ಸಮ ಚಿಹ್ನೆಯು ಹೆಸರನ್ನೂ ಮೌಲ್ಯವನ್ನೂ ಬೇರ್ಪಡಿಸುತ್ತದೆ. & ಚಿಹ್ನೆಯು ಒಂದು ಜೋಡಿಯನ್ನು ಮತ್ತೊಂದರಿಂದ ಬೇರ್ಪಡಿಸುತ್ತದೆ. ಕಾಗದದ ಅರ್ಜಿಯಲ್ಲಿ ಗುಮಾಸ್ತರು ಅಕ್ಕಪಕ್ಕದ ಬರಹ ನೋಡಿ ಅರ್ಜಿದಾರರ ಉದ್ದೇಶವನ್ನು ಊಹಿಸಬಹುದು. ಸರ್ವರಿಗೆ ಆ ಅವಕಾಶವಿಲ್ಲ. ಅದಕ್ಕೆ ಬಂದಿರುವ ಜೋಡಿಗಳೇ ಅರ್ಜಿ.

4. ಅಂಕಣಗಳ ಬಗೆಗಳು ಮತ್ತು ಅವು ಕಳುಹಿಸುವ ಮೌಲ್ಯ

4.1 ಆಯ್ಕೆ ಪಟ್ಟಿ: ಪಟ್ಟಿಯಲ್ಲಿ ಕಾಣುವ ಪದ ಮತ್ತು ರವಾನೆಯಾಗುವ ಮೌಲ್ಯ ಒಂದೇ ಆಗಿರಬೇಕಿಲ್ಲ. ಇದರ ಪ್ರಯೋಜನವನ್ನು ಜಿಲ್ಲೆಯ ಹೆಸರಿನಿಂದಲೇ ತಿಳಿಯಬಹುದು. ಇಂಗ್ಲಿಷಿನಲ್ಲಿ ಶಿಮೊಗ ಎಂದು ಬರೆಯಲಾಗುತ್ತಿದ್ದ ಹೆಸರನ್ನು 2014ರ ನವೆಂಬರ್ 1ರಿಂದ ಶಿವಮೊಗ್ಗ ಎಂದು ಬದಲಾಯಿಸಲಾಯಿತು. ಹೆಸರನ್ನೇ ಮೌಲ್ಯವಾಗಿ ಇರಿಸಿಕೊಂಡ ಗಣಕ ದಾಖಲೆಗಳಲ್ಲಿ ಒಂದೇ ಜಿಲ್ಲೆಯು ಎರಡು ಜಿಲ್ಲೆಗಳಂತೆ ಕಾಣಿಸಿಕೊಳ್ಳುವ ಸಂಭವವಿರುತ್ತದೆ. ಅದರ ಬದಲು 2011ರ ಜನಗಣತಿಯಲ್ಲಿ ಜಿಲ್ಲೆಗೆ ನೀಡಲಾದ 568 ಎಂಬ ಸಂಕೇತ ಸಂಖ್ಯೆಯನ್ನು ಮೌಲ್ಯವಾಗಿ ಇರಿಸಿದ್ದರೆ, ಪರದೆಯ ಮೇಲಿನ ಹೆಸರನ್ನು ಬದಲಾಯಿಸಿದರೂ ಹಳೆಯ ಮತ್ತು ಹೊಸ ಅರ್ಜಿಗಳು ಒಂದೇ ಜಿಲ್ಲೆಯ ಲೆಕ್ಕಕ್ಕೆ ಸೇರುತ್ತವೆ. ಭದ್ರಾವತಿಯ ಹೆಸರನ್ನು ಇಂಗ್ಲಿಷಿನಲ್ಲಿ ಒಂದಕ್ಕಿಂತ ಹೆಚ್ಚು ಕಾಗುಣಿತಗಳಲ್ಲಿ ಬರೆಯುವ ರೂಢಿ ಇರುವುದರಿಂದ ಅಲ್ಲಿಯೂ ಇದೇ ಕ್ರಮ ಅನುಕೂಲಕರ.

4.2 ಅವಲಂಬಿತ ಪಟ್ಟಿ: ಜಿಲ್ಲೆಯನ್ನು ಆರಿಸಿದ ನಂತರ ಅದರ 7 ತಾಲ್ಲೂಕುಗಳು, ತಾಲ್ಲೂಕನ್ನು ಆರಿಸಿದ ನಂತರ ಅದರ ಹೋಬಳಿಗಳು ಕಾಣಿಸಿಕೊಳ್ಳುವುದುಂಟು. ಭದ್ರಾವತಿ ತಾಲ್ಲೂಕನ್ನು ಆರಿಸಿದಾಗ ಹೊಳೆಹೊನ್ನೂರು, ಕೂಡ್ಲಿಗೆರೆ ಮುಂತಾದ ಹೋಬಳಿಗಳ ಪಟ್ಟಿಯನ್ನು ಪುಟವು ಸರ್ವರಿನಿಂದ ತರಿಸಿಕೊಳ್ಳಬಹುದು. ಸಂಪರ್ಕ ನಿಧಾನವಾಗಿದ್ದಲ್ಲಿ ಪಟ್ಟಿ ಕೆಲಕಾಲ ಖಾಲಿಯಾಗಿ ಕಾಣುತ್ತದೆ. ಪಟ್ಟಿ ಬರುವವರೆಗೆ ಕಾಯತಕ್ಕದ್ದು. ತಾಲ್ಲೂಕನ್ನು ಪದೇ ಪದೇ ಬದಲಾಯಿಸುವುದರಿಂದ ವಿಳಂಬ ಹೆಚ್ಚಾಗುತ್ತದೆ.

4.3 ಗುರುತು ಚೌಕ: ಚೌಕದಲ್ಲಿ ಗುರುತು ಹಾಕಿದಲ್ಲಿ ಅದರ ಹೆಸರು ಮತ್ತು ಮೌಲ್ಯ ರವಾನೆಯಾಗುತ್ತವೆ. ಗುರುತು ಹಾಕದಿದ್ದಲ್ಲಿ "ಇಲ್ಲ" ಎಂಬ ಮೌಲ್ಯ ಹೋಗುವುದಿಲ್ಲ, ಬದಲಿಗೆ ಆ ಅಂಕಣವೇ ರವಾನೆಯಾಗುವುದಿಲ್ಲ. ಘೋಷಣೆಯ ಚೌಕವನ್ನು ಬಿಟ್ಟ ಅರ್ಜಿಯು ಸರ್ವರಿನ ದೃಷ್ಟಿಯಲ್ಲಿ ಘೋಷಣೆಯೇ ಇಲ್ಲದ ಅರ್ಜಿ.

4.4 ದಿನಾಂಕ: 05-06 ಎಂದು ಬರೆದಲ್ಲಿ ಅದು ಜೂನ್ 5 ಅಥವಾ ಮೇ 6 ಆಗಬಹುದು. ಎಚ್‌ಟಿಎಂಎಲ್ 5ರ ದಿನಾಂಕದ ಅಂಕಣವು ಪರದೆಯ ಮೇಲೆ ಯಾವ ಕ್ರಮದಲ್ಲಿ ತೋರಿಸಿದರೂ ಸರ್ವರಿಗೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿಯೇ ಕಳುಹಿಸುತ್ತದೆ. ಜೂನ್ 5, 2024 ಎಂಬುದು 2024-06-05 ಎಂದು ರವಾನೆಯಾಗುತ್ತದೆ. ಸಾಮಾನ್ಯ ಅಕ್ಷರ ಅಂಕಣದಲ್ಲಿ ದಿನಾಂಕ ಕೇಳಿದ್ದಲ್ಲಿ ಪುಟದಲ್ಲಿ ಸೂಚಿಸಿರುವ ಕ್ರಮದಲ್ಲಿಯೇ ನಮೂದಿಸತಕ್ಕದ್ದು.

4.5 ಅಂಕಿಗಳು: ಅಂಕಿಗಳು ಕೂಡ ಅಕ್ಷರಗಳಾಗಿಯೇ ರವಾನೆಯಾಗುತ್ತವೆ. ಶಿವಮೊಗ್ಗದ ದೂರವಾಣಿ ಸಂಕೇತ 08182, ಭದ್ರಾವತಿಯದು 08282. ಇವುಗಳನ್ನು ಸರ್ವರಿನ ಕ್ರಮವಿಧಿಯು ಸಂಖ್ಯೆಯೆಂದು ಪರಿಗಣಿಸಿ ದಾಖಲಿಸಿದರೆ ಮೊದಲ ಸೊನ್ನೆ ಬಿಟ್ಟುಹೋಗುತ್ತದೆ. ಖಾತೆ ಸಂಖ್ಯೆ, ನೋಂದಣಿ ಸಂಖ್ಯೆ ಇತ್ಯಾದಿಗಳಿಗೂ ಇದು ಅನ್ವಯಿಸುತ್ತದೆ. ಕೂಡಿ ಕಳೆಯುವ ಉದ್ದೇಶವಿಲ್ಲದ ಅಂಕಿಗಳನ್ನು ಅಕ್ಷರಗಳಾಗಿ ದಾಖಲಿಸುವುದು ಸರಿಯಾದ ಕ್ರಮ. ಹಾಗೆಯೇ ೧, ೨, ೩ ಎಂಬ ಕನ್ನಡ ಅಂಕಿಗಳಿಗೂ 1, 2, 3 ಎಂಬ ಅಂಕಿಗಳಿಗೂ ಗಣಕದಲ್ಲಿ ಬೇರೆ ಬೇರೆ ಸಂಕೇತಗಳಿವೆ. ಸಂಖ್ಯೆಯ ಅಂಕಣಗಳಲ್ಲಿ ಎರಡನೆಯ ಬಗೆಯನ್ನು ಬಳಸತಕ್ಕದ್ದು.

4.6 ಅದೃಶ್ಯ ಅಂಕಣ: ಪುಟವನ್ನು ನೀಡುವಾಗ ಸರ್ವರೇ ತುಂಬಿರುವ, ಪರದೆಯ ಮೇಲೆ ಕಾಣದ ಅಂಕಣಗಳೂ ಇರಬಹುದು. ಇವು ಉಳಿದ ಮಾಹಿತಿಯೊಂದಿಗೆ ಸರ್ವರಿಗೆ ಹಿಂದಿರುಗುತ್ತವೆ.

5. ಸಲ್ಲಿಕೆಯ ಹಂತಗಳು

ಅರ್ಜಿದಾರರು ಸಲ್ಲಿಸುವ ಗುಂಡಿಯನ್ನು ಒತ್ತಿದ ಮೇಲೆ ಈ ಕೆಳಕಂಡ ಕ್ರಿಯೆಗಳು ಕ್ರಮವಾಗಿ ನಡೆಯುತ್ತವೆ.

(1) ಕಡ್ಡಾಯ ಅಂಕಣಗಳು ಭರ್ತಿಯಾಗಿವೆಯೇ, ನಿಗದಿತ ಸ್ವರೂಪದಲ್ಲಿವೆಯೇ ಎಂದು ಬ್ರೌಸರ್ ಪರೀಕ್ಷಿಸುತ್ತದೆ. ಲೋಪವಿದ್ದಲ್ಲಿ ರವಾನೆ ಇಲ್ಲಿಯೇ ನಿಲ್ಲುತ್ತದೆ.

(2) ಬ್ರೌಸರ್ ಎಲ್ಲ ಜೋಡಿಗಳನ್ನು ಸಂಗ್ರಹಿಸಿ ರವಾನೆಗೆ ಯೋಗ್ಯವಾದ ಸಂಕೇತ ರೂಪಕ್ಕೆ ಪರಿವರ್ತಿಸುತ್ತದೆ. ಹೆಸರಿಲ್ಲದ ಹಾಗೂ ನಿಷ್ಕ್ರಿಯಗೊಳಿಸಿದ ಅಂಕಣಗಳನ್ನು ಕೈಬಿಡಲಾಗುತ್ತದೆ.

(3) ಆಕ್ಷನ್ ವಿಳಾಸದಲ್ಲಿರುವ ಸರ್ವರಿನೊಂದಿಗೆ ಸಂಪರ್ಕ ಏರ್ಪಡುತ್ತದೆ. ಸರ್ವರ್ ಅರ್ಜಿದಾರರ ಊರಿನಲ್ಲಿ ಇರಬೇಕೆಂದಿಲ್ಲ. ರಾಜ್ಯ ಸರ್ಕಾರದ ದತ್ತಾಂಶ ಕೇಂದ್ರವು ಬೆಂಗಳೂರಿನಲ್ಲಿರುತ್ತದೆ.

(4) ಎಚ್‌ಟಿಟಿಪಿ ನಿಯಮಾವಳಿಯಂತೆ ಮಾಹಿತಿ ರವಾನೆಯಾಗುತ್ತದೆ.

(5) ಸರ್ವರಿನಲ್ಲಿರುವ ಕ್ರಮವಿಧಿಯು ಜೋಡಿಗಳನ್ನು ಬಿಡಿಸಿ, ಮತ್ತೊಮ್ಮೆ ಪರಿಶೀಲಿಸಿ, ದತ್ತಸಂಚಯದಲ್ಲಿ ದಾಖಲಿಸುತ್ತದೆ.

(6) ಸರ್ವರ್ ತನ್ನ ಉತ್ತರವನ್ನು ಕಳುಹಿಸುತ್ತದೆ. ಬ್ರೌಸರ್ ಅದನ್ನು ಪರದೆಯ ಮೇಲೆ ತೋರಿಸುತ್ತದೆ.

ಇವುಗಳಲ್ಲಿ 5ನೆಯ ಹಂತವೇ ನಿಜವಾದ ಸ್ವೀಕಾರ. ಕಚೇರಿಯ ಆವಕ ವಹಿಯಲ್ಲಿ ಪತ್ರವನ್ನು ನಮೂದಿಸುವುದಕ್ಕೆ ಇದು ಸಮಾನ. ಪತ್ರವನ್ನು ಬರೆದದ್ದಾಗಲಿ, ಅಂಚೆ ಪೆಟ್ಟಿಗೆಗೆ ಹಾಕಿದ್ದಾಗಲಿ ಆವಕ ವಹಿಯ ನಮೂದು ಆಗುವುದಿಲ್ಲ.

6. ಗೆಟ್ ಮತ್ತು ಪೋಸ್ಟ್ ವಿಧಾನಗಳು

ಗೆಟ್ ವಿಧಾನದಲ್ಲಿ ಜೋಡಿಗಳು ಪುಟದ ವಿಳಾಸಕ್ಕೇ ಸೇರಿಕೊಂಡು, ಪ್ರಶ್ನಾರ್ಥಕ ಚಿಹ್ನೆಯ ನಂತರ ಕಾಣಿಸುತ್ತವೆ. ಪೋಸ್ಟ್ ವಿಧಾನದಲ್ಲಿ ಅವು ವಿಳಾಸದಲ್ಲಿ ಕಾಣದೆ ಕೋರಿಕೆಯ ಒಳಭಾಗದಲ್ಲಿ ಹೋಗುತ್ತವೆ. ಗೆಟ್ ಎಂದರೆ ಲಕೋಟೆಯ ಹೊರಮೈ ಮೇಲೆ ಬರೆದಂತೆ, ಪೋಸ್ಟ್ ಎಂದರೆ ಒಳಗಿನ ಹಾಳೆಯ ಮೇಲೆ ಬರೆದಂತೆ ಎಂದು ತಿಳಿಯಬಹುದು.

ಇವೆರಡರ ಉದ್ದೇಶಗಳೂ ಬೇರೆ. ಬ್ಯಾಂಕಿನಲ್ಲಿ ಖಾತೆಯ ಶಿಲ್ಕನ್ನು ಎಷ್ಟು ಬಾರಿ ನೋಡಿದರೂ ಶಿಲ್ಕು ಬದಲಾಗುವುದಿಲ್ಲ. ಆದರೆ ಚಲನ್ ತುಂಬಿ ಹಣ ಕಟ್ಟಿದ ಪ್ರತಿ ಸಲವೂ ಹೊಸ ವ್ಯವಹಾರ ದಾಖಲಾಗುತ್ತದೆ. ಅರ್ಜಿಯ ಸ್ಥಿತಿ ನೋಡುವುದು, ಪಟ್ಟಿಯಲ್ಲಿ ಹೆಸರು ಹುಡುಕುವುದು ಮೊದಲನೆಯ ಬಗೆಯವು. ಇವುಗಳಿಗೆ ಗೆಟ್ ಸೂಕ್ತ. ಹೊಸ ಅರ್ಜಿ ಸಲ್ಲಿಸುವುದು, ವಿಳಾಸ ತಿದ್ದುವುದು, ಶುಲ್ಕ ಪಾವತಿಸುವುದು ಎರಡನೆಯ ಬಗೆಯವು. ಇವುಗಳಿಗೆ ಪೋಸ್ಟ್ ಬಳಸತಕ್ಕದ್ದು.

ಗೆಟ್ ವಿಧಾನದ ವಿಳಾಸಗಳು ಬ್ರೌಸರಿನ ಇತಿಹಾಸ ಪಟ್ಟಿಯಲ್ಲಿಯೂ ಸರ್ವರಿನ ದಿನಚರಿ ಕಡತದಲ್ಲಿಯೂ ಉಳಿಯುವುದರಿಂದ, ಆಧಾರ್ ಸಂಖ್ಯೆ ಮತ್ತು ಗುಪ್ತಪದಗಳನ್ನು ಆ ವಿಧಾನದಲ್ಲಿ ಕಳುಹಿಸುವುದು ಸಮಂಜಸವಲ್ಲ. ಪೋಸ್ಟ್ ವಿಧಾನವೊಂದರಿಂದಲೇ ಗೋಪ್ಯತೆ ಒದಗುವುದಿಲ್ಲ ಎಂಬುದನ್ನೂ ಗಮನಿಸತಕ್ಕದ್ದು. ಮಾರ್ಗಮಧ್ಯದಲ್ಲಿ ಬೇರೆಯವರು ಓದದಂತೆ ಮಾಡುವುದು ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿ ಸಂಪರ್ಕ. ಪುಟದ ವಿಳಾಸವು ಎಚ್‌ಟಿಟಿಪಿಎಸ್ ಎಂದು ಆರಂಭವಾಗಿದೆಯೇ, ನಂತರದ ಹೆಸರು ನಿಜವಾಗಿಯೂ ಸರ್ಕಾರದ ಜಾಲತಾಣದ್ದೇ ಎಂಬ ಎರಡನ್ನೂ ನೋಡಬೇಕು. ನಕಲಿ ಜಾಲತಾಣವೂ ಎಚ್‌ಟಿಟಿಪಿಎಸ್ ಬಳಸಬಹುದು.

7. ಕನ್ನಡ ಅಕ್ಷರಗಳ ರವಾನೆ

ಜಾಲದಲ್ಲಿ ಅಕ್ಷರಗಳ ಬದಲು ಬೈಟ್‌ಗಳು, ಅಂದರೆ 0ಯಿಂದ 255ರವರೆಗಿನ ಸಂಖ್ಯೆಗಳು ಸಂಚರಿಸುತ್ತವೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದನ್ನು ಕಳುಹಿಸುವವರೂ ಪಡೆಯುವವರೂ ಸಮಾನವಾಗಿ ಒಪ್ಪಿರಬೇಕು. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಕಾದಿರಿಸಲಾಗಿದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್‌ಗಳು ಬೇಕು. ಶ ಎಂಬ ಅಕ್ಷರವು 224, 178, 182 ಎಂಬ ಮೂರು ಬೈಟ್‌ಗಳಾಗಿ ಹೋಗುತ್ತದೆ.

ಶಿವಮೊಗ್ಗ ಎಂಬ ಹೆಸರು ಕಣ್ಣಿಗೆ 4 ಅಕ್ಷರಗಳಾಗಿ ಕಾಣುತ್ತದೆ. ಗಣಕದಲ್ಲಿ ವ್ಯಂಜನ, ಸ್ವರಚಿಹ್ನೆ ಮತ್ತು ಒತ್ತಿಗೆ ಬಳಸುವ ಹಲಂತಗಳನ್ನು ಪ್ರತ್ಯೇಕವಾಗಿ ಎಣಿಸುವುದರಿಂದ ಅದು 8 ಸಂಕೇತಗಳಾಗುತ್ತದೆ, ಅಂದರೆ 24 ಬೈಟ್‌ಗಳು. ಭದ್ರಾವತಿ ಎಂಬ ಹೆಸರಿನದೂ ಇದೇ ಲೆಕ್ಕ. ಸಾಮಾನ್ಯ ನಮೂನೆಯ ರವಾನೆಯಲ್ಲಿ ಪ್ರತಿ ಬೈಟನ್ನು % ಚಿಹ್ನೆ ಮತ್ತು ಎರಡು ಸಂಕೇತಾಕ್ಷರಗಳಾಗಿ ಬರೆಯುವುದರಿಂದ ಜಾಲದಲ್ಲಿ ಸಾಗುವಾಗ ಪ್ರತಿ ಹೆಸರೂ 72 ಅಕ್ಷರಗಳಷ್ಟು ಉದ್ದವಾಗುತ್ತದೆ. ಸರ್ವರ್ ಅದನ್ನು ಪುನಃ ಮೂಲ ರೂಪಕ್ಕೆ ತರುತ್ತದೆ. ಇದೇ ಪದ್ಧತಿಯಲ್ಲಿ ಪದಗಳ ನಡುವಿನ ತೆರಪು + ಆಗಿಯೂ, ಅಂಗಡಿಯ ಹೆಸರಿನಲ್ಲಿರುವ & ಚಿಹ್ನೆಯು %26 ಆಗಿಯೂ ಹೋಗುತ್ತವೆ. ಇಲ್ಲವಾದಲ್ಲಿ ಹೆಸರಿನ & ಚಿಹ್ನೆಯನ್ನು ಸರ್ವರ್ ಹೊಸ ಜೋಡಿಯ ಆರಂಭವೆಂದು ಭಾವಿಸುತ್ತಿತ್ತು.

ಕನ್ನಡ ಬರಹವು ವಿರೂಪಗೊಳ್ಳಲು ಮುಖ್ಯವಾಗಿ ಮೂರು ಕಾರಣಗಳಿವೆ.

(ಅ) ಹಳೆಯ ಅಕ್ಷರಶೈಲಿಯ ಬಳಕೆ: ಯೂನಿಕೋಡ್ ರೂಢಿಗೆ ಬರುವ ಮೊದಲು ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಹಾಗೂ ಇತರ ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಇರಿಸಿ ತೋರಿಸುತ್ತಿದ್ದವು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶದಲ್ಲಿ ಇಂತಹ ಹಳೆಯ ವಿಧಾನವೂ, ಯೂನಿಕೋಡ್ ವಿಧಾನವೂ ಇವೆ. ಹಳೆಯ ವಿಧಾನದಲ್ಲಿ ಟೈಪ್ ಮಾಡಿದರೆ ಸರ್ವರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು ತಲುಪುತ್ತವೆ. ಅಂಕಣದಲ್ಲಿ ಅಂತಹ ಅಕ್ಷರಗಳು ಕಂಡುಬಂದಲ್ಲಿ ಕೂಡಲೇ ಯೂನಿಕೋಡ್ ವಿಧಾನಕ್ಕೆ ಬದಲಾಯಿಸಿಕೊಳ್ಳತಕ್ಕದ್ದು.

(ಆ) ಪುಟದ ಸಂಕೇತ ಪದ್ಧತಿ: ಪುಟವು ಕನ್ನಡವಿಲ್ಲದ ಹಳೆಯ ಸಂಕೇತ ಪದ್ಧತಿಯನ್ನು ಘೋಷಿಸಿದ್ದಲ್ಲಿ ಬ್ರೌಸರ್ ಅಕ್ಷರದ ಬದಲು ಅದರ ಕ್ರಮಸಂಖ್ಯೆಯನ್ನು ಕಳುಹಿಸುತ್ತದೆ. ಆಗ ಶ ಎಂಬುದು &#3254; ಎಂದು ದಾಖಲಾಗಿ, ಪ್ರಮಾಣಪತ್ರದಲ್ಲಿಯೂ ಹಾಗೆಯೇ ಮುದ್ರಣವಾಗುವ ಸಂಭವವಿರುತ್ತದೆ.

(ಇ) ಸ್ಥಳದ ಕೊರತೆ: ದತ್ತಸಂಚಯದಲ್ಲಿ ಹೆಸರಿಗೆ 20 ಬೈಟ್‌ಗಳನ್ನು ಮಾತ್ರ ಮೀಸಲಿಟ್ಟಿದ್ದರೆ 24 ಬೈಟ್‌ಗಳ ಶಿವಮೊಗ್ಗ ಅದರಲ್ಲಿ ಹಿಡಿಸುವುದಿಲ್ಲ. ಇಂಗ್ಲಿಷಿನ ಲೆಕ್ಕದಲ್ಲಿ ಸಾಕಾಗುವ ಅಳತೆ ಕನ್ನಡಕ್ಕೆ ಸಾಲದು.

(ಅ)ದಲ್ಲಿನ ದೋಷವನ್ನು ಅರ್ಜಿದಾರರೇ ತಡೆಯಬಹುದು. (ಆ) ಮತ್ತು (ಇ)ರಲ್ಲಿನ ದೋಷಗಳನ್ನು ಜಾಲತಾಣವನ್ನು ರೂಪಿಸುವವರೇ ಸರಿಪಡಿಸಬೇಕು. ಸಲ್ಲಿಕೆಯ ನಂತರ ಬರುವ ಪುಟದಲ್ಲಿ ಹೆಸರನ್ನು ಒಮ್ಮೆ ಓದಿ ನೋಡಿದಲ್ಲಿ ಮೂರೂ ದೋಷಗಳು ಪ್ರಮಾಣಪತ್ರ ಮುದ್ರಣವಾಗುವ ಮೊದಲೇ ತಿಳಿದುಬರುತ್ತವೆ.

8. ದಾಖಲೆಗಳ ಲಗತ್ತು

ಭಾವಚಿತ್ರ, ಅಂಕಪಟ್ಟಿ ಮುಂತಾದ ಕಡತಗಳನ್ನು % ಚಿಹ್ನೆಯ ಪದ್ಧತಿಯಲ್ಲಿ ಕಳುಹಿಸಿದರೆ ಗಾತ್ರ ವಿಪರೀತ ಬೆಳೆಯುತ್ತದೆ. ಆದುದರಿಂದ ಮಲ್ಟಿಪಾರ್ಟ್ ಎಂಬ ಬೇರೆ ಪದ್ಧತಿಯನ್ನು ಅನುಸರಿಸಲಾಗುತ್ತದೆ. ಇದರಲ್ಲಿ ಪ್ರತಿ ಅಂಕಣವೂ ಪ್ರತಿ ಕಡತವೂ ಪ್ರತ್ಯೇಕ ಭಾಗವಾಗಿದ್ದು, ಭಾಗಗಳ ನಡುವೆ ಒಂದು ಗಡಿಸಾಲು ಇರುತ್ತದೆ. ಕಡತವು ಮೂಲ ರೂಪದಲ್ಲಿಯೇ ಹೋಗುತ್ತದೆ. ಈ ಪದ್ಧತಿಯ ನಿಯಮಗಳನ್ನು 2015ರಲ್ಲಿ ಆರ್‌ಎಫ್‌ಸಿ 7578ರ ಮೂಲಕ ಪರಿಷ್ಕರಿಸಲಾಯಿತು.

ಕಡತದ ಗಾತ್ರಕ್ಕೂ ರವಾನೆಯ ಅವಧಿಗೂ ನೇರ ಸಂಬಂಧವಿದೆ. ಮೇಲ್ಮುಖ ವೇಗವು ಸೆಕೆಂಡಿಗೆ 512 ಕಿಲೋಬಿಟ್ ಇರುವ ಸಂಪರ್ಕದಲ್ಲಿ 4 ಮೆಗಾಬೈಟ್ ಗಾತ್ರದ ಮೊಬೈಲ್ ಛಾಯಾಚಿತ್ರ ಹೋಗಲು ಸುಮಾರು 64 ಸೆಕೆಂಡುಗಳು ಬೇಕು. ಅದನ್ನೇ 200 ಕಿಲೋಬೈಟ್‌ಗೆ ಇಳಿಸಿದಲ್ಲಿ ಸುಮಾರು 3 ಸೆಕೆಂಡುಗಳು ಸಾಕು. ಪುಟದಲ್ಲಿ ಸೂಚಿಸುವ ಗಾತ್ರದ ಮಿತಿಯನ್ನು ಪಾಲಿಸಿದರೆ ಸಂಪರ್ಕ ಮಧ್ಯದಲ್ಲಿ ಕಡಿದುಹೋಗುವ ಸಂಭವ ಕಡಿಮೆಯಾಗುತ್ತದೆ. ಮಿತಿ ಮೀರಿದ ಕಡತವನ್ನು ಸರ್ವರ್ 413 ಎಂಬ ಸಂಕೇತದೊಂದಿಗೆ ತಿರಸ್ಕರಿಸಬಹುದು.

9. ಎರಡು ಕಡೆಯ ಪರಿಶೀಲನೆ

ಬ್ರೌಸರ್ ನಡೆಸುವ ಪರೀಕ್ಷೆಯು ಅರ್ಜಿದಾರರ ಅನುಕೂಲಕ್ಕಾಗಿ ಇರುವಂಥದ್ದು. ಅದನ್ನು ನಿಷ್ಕ್ರಿಯಗೊಳಿಸಿ ಅಥವಾ ಬ್ರೌಸರನ್ನೇ ಬಳಸದೆ ಸರ್ವರಿಗೆ ಮಾಹಿತಿ ಕಳುಹಿಸಲು ಸಾಧ್ಯವಿದೆ. ಅದೃಶ್ಯ ಅಂಕಣದ ಮೌಲ್ಯವನ್ನೂ ತಿದ್ದಿ ಕಳುಹಿಸಬಹುದು. ಆದ್ದರಿಂದ ಸರ್ವರಿನ ಕ್ರಮವಿಧಿಯು ಪ್ರತಿ ಮೌಲ್ಯವನ್ನೂ ಸ್ವತಂತ್ರವಾಗಿ ಪರಿಶೀಲಿಸತಕ್ಕದ್ದು. ಶುಲ್ಕದ ಮೊತ್ತವನ್ನು ಅದೃಶ್ಯ ಅಂಕಣದಿಂದ ಪಡೆಯದೆ ಸರ್ವರಿನಲ್ಲಿರುವ ದರಪಟ್ಟಿಯಿಂದಲೇ ಪಡೆಯುವುದು ಸುರಕ್ಷಿತ. ಮುಂಗಟ್ಟೆಯಲ್ಲಿ ಎಣಿಸಿ ಕೊಟ್ಟ ಹಣವನ್ನು ನಗದು ಗುಮಾಸ್ತರು ಮತ್ತೊಮ್ಮೆ ಎಣಿಸಿಕೊಳ್ಳುವಂತೆಯೇ ಇದು.

10. ಸರ್ವರಿನ ಉತ್ತರ

ಪ್ರತಿ ಕೋರಿಕೆಗೂ ಸರ್ವರ್ ಮೂರು ಅಂಕಿಗಳ ಸಂಕೇತವೊಂದನ್ನು ನೀಡುತ್ತದೆ. ಸಾರ್ವಜನಿಕರು ಪರದೆಯ ಮೇಲೆ ಕಾಣಬಹುದಾದ ಸಂಕೇತಗಳ ಅರ್ಥ ಈ ಕೆಳಕಂಡಂತಿದೆ.

400: ಕೋರಿಕೆಯ ಸ್ವರೂಪ ಸರಿಯಾಗಿಲ್ಲ.
403: ಅನುಮತಿ ಇಲ್ಲ.
404: ಕೋರಿದ ವಿಳಾಸದಲ್ಲಿ ಪುಟವಿಲ್ಲ.
500: ಸರ್ವರಿನ ಕ್ರಮವಿಧಿಯಲ್ಲಿ ದೋಷ ಉಂಟಾಗಿದೆ.
503: ಸರ್ವರ್ ಸದ್ಯಕ್ಕೆ ಸೇವೆ ನೀಡಲು ಅಶಕ್ತವಾಗಿದೆ. ಅತಿಯಾದ ಹೊರೆಯೂ ಇದಕ್ಕೆ ಕಾರಣವಾಗಬಹುದು.
504: ಮಧ್ಯವರ್ತಿ ಸರ್ವರಿಗೆ ಮುಖ್ಯ ಸರ್ವರಿನಿಂದ ಸಕಾಲದಲ್ಲಿ ಉತ್ತರ ಬಂದಿಲ್ಲ.

ಇವುಗಳಲ್ಲಿ 504ರ ಬಗ್ಗೆ ವಿಶೇಷ ಎಚ್ಚರಿಕೆ ಅಗತ್ಯ. ಉತ್ತರ ಬಂದಿಲ್ಲವೆಂದ ಮಾತ್ರಕ್ಕೆ ಅರ್ಜಿ ದಾಖಲಾಗಿಲ್ಲವೆಂದು ಅರ್ಥವಲ್ಲ, ದಾಖಲಾಗಿದೆಯೆಂದೂ ಅರ್ಥವಲ್ಲ. ಮುಖ್ಯ ಸರ್ವರ್ ಅರ್ಜಿಯನ್ನು ದಾಖಲಿಸಿ, ಉತ್ತರ ಮಾತ್ರ ದಾರಿಯಲ್ಲಿ ತಪ್ಪಿರಬಹುದು. ಸಂಪರ್ಕ ಕಡಿದುಹೋದಾಗಲೂ ಇದೇ ಸಂದಿಗ್ಧವಿರುತ್ತದೆ. ಇಂತಹ ಸಂದರ್ಭದಲ್ಲಿ ಕೂಡಲೇ ಮತ್ತೊಮ್ಮೆ ಸಲ್ಲಿಸುವ ಬದಲು, ಮೊದಲು ಅರ್ಜಿಯ ಸ್ಥಿತಿಯನ್ನು ಪರಿಶೀಲಿಸತಕ್ಕದ್ದು.

ಯಶಸ್ಸನ್ನು ಸೂಚಿಸುವ 200 ಎಂಬ ಸಂಕೇತವು ಪುಟವೊಂದು ಸರಿಯಾಗಿ ಬಂದಿದೆ ಎಂಬುದನ್ನು ಮಾತ್ರ ಸೂಚಿಸುತ್ತದೆ. "ಆದಾಯದ ಅಂಕಣ ಖಾಲಿ ಇದೆ" ಎಂಬ ದೋಷದ ಸಂದೇಶವೂ 200ರೊಂದಿಗೇ ಬರಬಹುದು. ಹೀಗಾಗಿ ಪುಟ ಬದಲಾಯಿತೆಂದು ಸಮಾಧಾನಪಡದೆ ಅದರಲ್ಲಿರುವ ಒಕ್ಕಣೆಯನ್ನು ಪೂರ್ತಿ ಓದತಕ್ಕದ್ದು. ಕೆಲವು ಜಾಲತಾಣಗಳು ಪುಟವನ್ನು ಬದಲಾಯಿಸದೆ ಹಿನ್ನೆಲೆಯಲ್ಲಿಯೇ ಮಾಹಿತಿ ಕಳುಹಿಸುತ್ತವೆ. ಅಂತಹ ಕಡೆ ಸಂದೇಶವು ಪುಟದ ಮೇಲ್ಭಾಗದಲ್ಲಿ ಮಾತ್ರ ಕಾಣಬಹುದು.

11. ಪುನರಾವರ್ತಿತ ಸಲ್ಲಿಕೆ

ಗುಂಡಿಯನ್ನು ಎರಡು ಬಾರಿ ಒತ್ತಿದಲ್ಲಿ, ಅಥವಾ ಸಲ್ಲಿಕೆಯ ನಂತರ ಬಂದ ಪುಟವನ್ನು ಪುನಃ ಲೋಡ್ ಮಾಡಿದಲ್ಲಿ, ಅದೇ ಮಾಹಿತಿ ಮತ್ತೊಮ್ಮೆ ರವಾನೆಯಾಗಬಹುದು. ಇದನ್ನು ತಡೆಯಲು ಜಾಲತಾಣಗಳಲ್ಲಿ ಎರಡು ಕ್ರಮಗಳಿವೆ. ಮೊದಲನೆಯದಾಗಿ, ಸರ್ವರ್ ಅರ್ಜಿಯನ್ನು ದಾಖಲಿಸಿದ ನಂತರ 303 ಅಥವಾ 302 ಎಂಬ ಸಂಕೇತದ ಮೂಲಕ ಬ್ರೌಸರನ್ನು ಸ್ವೀಕೃತಿಯ ಪುಟಕ್ಕೆ ಕಳುಹಿಸುತ್ತದೆ. ಆ ಪುಟವನ್ನು ಎಷ್ಟು ಬಾರಿ ತೆರೆದರೂ ಹೊಸ ಅರ್ಜಿ ಹುಟ್ಟುವುದಿಲ್ಲ. ಎರಡನೆಯದಾಗಿ, ಪ್ರತಿ ನಮೂನೆಗೂ ಅದೃಶ್ಯ ಅಂಕಣದಲ್ಲಿ ಒಂದು ಬಾರಿ ಮಾತ್ರ ಸಲ್ಲುವ ಸಂಖ್ಯೆಯನ್ನು ನೀಡಲಾಗುತ್ತದೆ. ಒಂದೇ ಸಂಖ್ಯೆಯ ಚೆಕ್ಕಿಗೆ ಬ್ಯಾಂಕು ಎರಡು ಬಾರಿ ಹಣ ನೀಡದಂತೆ, ಒಂದೇ ಸಂಖ್ಯೆಯ ನಮೂನೆಯನ್ನು ಸರ್ವರ್ ಎರಡು ಬಾರಿ ದಾಖಲಿಸುವುದಿಲ್ಲ.

ಈ ಕ್ರಮಗಳು ಎಲ್ಲ ಜಾಲತಾಣಗಳಲ್ಲಿಯೂ ಇರುತ್ತವೆಂದು ಹೇಳಲಾಗದು. ಶುಲ್ಕ ಪಾವತಿಯ ಪುಟದಲ್ಲಿ ಗುಂಡಿಯನ್ನು ಒಮ್ಮೆ ಮಾತ್ರ ಒತ್ತಿ ಕಾಯತಕ್ಕದ್ದು. ಮರಳಿ ಕಳುಹಿಸಬೇಕೇ ಎಂದು ಬ್ರೌಸರ್ ಕೇಳಿದಲ್ಲಿ ಒಪ್ಪಿಗೆ ನೀಡುವ ಮೊದಲು ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಿದೆಯೇ ಎಂದು ನೋಡಿಕೊಳ್ಳತಕ್ಕದ್ದು.

12. ಹೆಚ್ಚಿನ ಹೊರೆಯ ಸಂದರ್ಭಗಳು

2020ರ ಮೇ ತಿಂಗಳಲ್ಲಿ ಹೊರರಾಜ್ಯಗಳಿಂದ ಕರ್ನಾಟಕಕ್ಕೆ ಮರಳುವವರು ಸೇವಾ ಸಿಂಧು ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬೇಕಾಗಿತ್ತು. 2023ರ ಜೂನ್ 18ರಂದು ಗೃಹಜ್ಯೋತಿ ಯೋಜನೆಯ ನೋಂದಣಿಯೂ ಸೇವಾ ಸಿಂಧುವಿನ ಮೂಲಕ ಆರಂಭವಾಯಿತು. ಶಿವಮೊಗ್ಗ ಜಿಲ್ಲೆಯ ಗ್ರಾಹಕರು ಮೆಸ್ಕಾಂ ವ್ಯಾಪ್ತಿಗೆ ಸೇರುವುದರಿಂದ ಪಟ್ಟಿಯಲ್ಲಿ ಮೆಸ್ಕಾಂ ಆರಿಸಿ, ವಿದ್ಯುತ್ ಬಿಲ್ಲಿನಲ್ಲಿರುವ ಖಾತೆ ಸಂಖ್ಯೆ ಮತ್ತು ಆಧಾರ್ ವಿವರವನ್ನು ನೀಡಬೇಕಾಗಿತ್ತು. ರಾಜ್ಯದ ಎಲ್ಲ ಕಡೆಯಿಂದ ಒಂದೇ ವೇಳೆಗೆ ಕೋರಿಕೆಗಳು ಬರುವ ಇಂತಹ ಸಂದರ್ಭಗಳಲ್ಲಿ ಸರ್ವರ್ ಕೆಲವನ್ನು ಸರತಿಯಲ್ಲಿ ಇರಿಸುತ್ತದೆ, ಕೆಲವನ್ನು 503 ಸಂಕೇತದೊಂದಿಗೆ ಹಿಂದಿರುಗಿಸುತ್ತದೆ. ವಿದ್ಯಾರ್ಥಿವೇತನದ ಕೊನೆಯ ದಿನಗಳಲ್ಲಿಯೂ ಇಂತಹ ದಟ್ಟಣೆ ಉಂಟಾಗಬಹುದು.

ದಿನಾಂಕವನ್ನು ನಿರ್ಧರಿಸುವುದು ಸಾಮಾನ್ಯವಾಗಿ ಸರ್ವರಿನ ಗಡಿಯಾರವೇ ಹೊರತು ಅರ್ಜಿದಾರರ ಗಣಕಯಂತ್ರದ ಗಡಿಯಾರವಲ್ಲ. ಕೊನೆಯ ದಿನದ ರಾತ್ರಿ 11.50ಕ್ಕೆ ಭರ್ತಿ ಮಾಡಲು ಆರಂಭಿಸಿದ ಅರ್ಜಿಯು 12.05ಕ್ಕೆ ಸರ್ವರಿಗೆ ತಲುಪಿದರೆ ಅದು ಮರುದಿನದ ಅರ್ಜಿ. ಇದಲ್ಲದೆ ಲಾಗಿನ್ ಆದ ನಂತರ ನಿಗದಿತ ಅವಧಿ ಸುಮ್ಮನಿದ್ದಲ್ಲಿ ಸರ್ವರ್ ಆ ಸರದಿಯನ್ನು ಮುಕ್ತಾಯಗೊಳಿಸುತ್ತದೆ. ಆಗ ಭರ್ತಿ ಮಾಡಿದ ಮಾಹಿತಿ ನಷ್ಟವಾಗಬಹುದು. ಅಗತ್ಯ ದಾಖಲೆಗಳನ್ನು ಮುಂಚಿತವಾಗಿ ಸಿದ್ಧವಿರಿಸಿಕೊಂಡು, ಕೊನೆಯ ದಿನಕ್ಕೆ ಕಾಯದೆ ಸಲ್ಲಿಸುವುದು ಸೂಕ್ತ.

13. ಸ್ವೀಕೃತಿ ಸಂಖ್ಯೆಯ ಮಹತ್ವ

ಅರ್ಜಿಯು ದತ್ತಸಂಚಯದಲ್ಲಿ ದಾಖಲಾದ ನಂತರವೇ ಸ್ವೀಕೃತಿ ಸಂಖ್ಯೆ ಸೃಷ್ಟಿಯಾಗುತ್ತದೆ. ಇದು ಕೇವಲ ತಾಂತ್ರಿಕ ವಿಷಯವಲ್ಲ. ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಅಧಿನಿಯಮ, 2011ರ ಅನ್ವಯ ಸಕಾಲ ಯೋಜನೆಯು 2012ರ ಏಪ್ರಿಲ್ 2ರಂದು ರಾಜ್ಯಾದ್ಯಂತ ಜಾರಿಗೆ ಬಂದಿತು. ಅಧಿಸೂಚಿತ ಸೇವೆಯನ್ನು ಅರ್ಜಿ ಸಲ್ಲಿಕೆಯ ದಿನಾಂಕದಿಂದ ನಿಗದಿತ ಅವಧಿಯೊಳಗೆ ನೀಡಬೇಕು. ವಿಳಂಬವಾದಲ್ಲಿ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ವೆಚ್ಚ ಪಡೆಯಲು ನಾಗರಿಕರಿಗೆ ಹಕ್ಕಿರುತ್ತದೆ. ಸಕಾಲದ ಅಡಿಯಲ್ಲಿ ನೀಡುವ 15 ಅಂಕಿಗಳ ಜಿಎಸ್‌ಸಿ ಸಂಖ್ಯೆಯ ಮೂಲಕ ಅರ್ಜಿಯ ಸ್ಥಿತಿಯನ್ನು ತಿಳಿಯಬಹುದು. ಸಂಖ್ಯೆ ಇಲ್ಲದ ಅರ್ಜಿಗೆ ಅವಧಿಯ ಲೆಕ್ಕ ಎಲ್ಲಿಂದ ಆರಂಭವೆಂದು ತೋರಿಸುವುದು ಕಷ್ಟ. ಪರದೆಯ ಮೇಲೆ ಭರ್ತಿಯಾದ ನಮೂನೆಯ ಛಾಯಾಚಿತ್ರವು ಸ್ವೀಕೃತಿಗೆ ಸಮನಾಗುವುದಿಲ್ಲ.

14. ಸೈಬರ್ ಕೇಂದ್ರ ಮತ್ತು ಸೇವಾ ಕೇಂದ್ರಗಳಲ್ಲಿ ಪಾಲಿಸಬೇಕಾದ ಅಂಶಗಳು

(1) ಬೇರೆಯವರು ಭರ್ತಿ ಮಾಡಿಕೊಟ್ಟಲ್ಲಿ ಗುಂಡಿ ಒತ್ತುವ ಮೊದಲು ಹೆಸರು, ತಂದೆಯ ಹೆಸರು, ಹೋಬಳಿ, ಬ್ಯಾಂಕ್ ಖಾತೆ ಮತ್ತು ಮೊಬೈಲ್ ಸಂಖ್ಯೆಯನ್ನು ಅರ್ಜಿದಾರರೇ ಓದಿ ನೋಡತಕ್ಕದ್ದು.

(2) ಮೊಬೈಲ್ ಸಂಖ್ಯೆಯ ಅಂಕಣದಲ್ಲಿ ಅರ್ಜಿದಾರರ ಸ್ವಂತ ಸಂಖ್ಯೆಯನ್ನೇ ನೀಡತಕ್ಕದ್ದು. ಸ್ವೀಕೃತಿಯ ಸಂದೇಶ ಆ ಸಂಖ್ಯೆಗೇ ಬರುತ್ತದೆ.

(3) ಅಂಕಣಗಳ ವಿವರವನ್ನು ನೆನಪಿಟ್ಟುಕೊಳ್ಳಬೇಕೇ ಎಂದು ಬ್ರೌಸರ್ ಕೇಳಿದಲ್ಲಿ ನಿರಾಕರಿಸತಕ್ಕದ್ದು.

(4) ಒಮ್ಮೆ ಮಾತ್ರ ಬಳಸುವ ಗುಪ್ತಸಂಖ್ಯೆಯನ್ನು ಯಾವ ಉದ್ದೇಶಕ್ಕೆಂದು ತಿಳಿಯದೆ ಯಾರಿಗೂ ಹೇಳಬಾರದು.

(5) ಕೆಲಸ ಮುಗಿದ ನಂತರ ಲಾಗ್ ಔಟ್ ಆಗಿ, ಡೌನ್‌ಲೋಡ್ ಮಾಡಿದ ಕಡತಗಳನ್ನು ಆ ಗಣಕಯಂತ್ರದಿಂದ ಅಳಿಸತಕ್ಕದ್ದು.

(6) ಸ್ವೀಕೃತಿಯ ಮುದ್ರಿತ ಪ್ರತಿಯನ್ನು ಪಡೆಯದೆ ಕೇಂದ್ರದಿಂದ ಹೊರಡಬಾರದು.

15. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅರ್ಧ ಭರ್ತಿ ಮಾಡಿ ಬಿಟ್ಟ ನಮೂನೆಯ ಮಾಹಿತಿ ಕಚೇರಿಗೆ ತಲುಪುತ್ತದೆಯೇ?
ಉತ್ತರ: ಸಾಮಾನ್ಯ ನಮೂನೆಯಲ್ಲಿ ತಲುಪುವುದಿಲ್ಲ. ಕರಡು ಉಳಿಸುವ ಸೌಲಭ್ಯವಿದ್ದಲ್ಲಿ ಕರಡು ಮಾತ್ರ ಸರ್ವರಿನಲ್ಲಿ ಉಳಿಯುತ್ತದೆ. ಕರಡನ್ನು ಅರ್ಜಿಯೆಂದು ಪರಿಗಣಿಸಲಾಗುವುದಿಲ್ಲ.

ಪ್ರಶ್ನೆ: ಹಣ ಕಡಿತವಾಗಿದೆ, ಸ್ವೀಕೃತಿ ಸಂಖ್ಯೆ ಬಂದಿಲ್ಲ. ಏನು ಮಾಡಬೇಕು?
ಉತ್ತರ: ಪಾವತಿ ಮತ್ತು ಅರ್ಜಿ ಎರಡು ಪ್ರತ್ಯೇಕ ಸರ್ವರುಗಳಲ್ಲಿ ದಾಖಲಾಗುವುದುಂಟು. ವ್ಯವಹಾರ ಸಂಖ್ಯೆಯನ್ನು ಬರೆದಿಟ್ಟುಕೊಂಡು ಅರ್ಜಿಯ ಸ್ಥಿತಿಯನ್ನು ಪರಿಶೀಲಿಸತಕ್ಕದ್ದು. ಮತ್ತೊಮ್ಮೆ ಪಾವತಿಸುವ ಮೊದಲು ಸಹಾಯವಾಣಿಯನ್ನು ಸಂಪರ್ಕಿಸತಕ್ಕದ್ದು.

ಪ್ರಶ್ನೆ: ಸ್ವೀಕೃತಿಯಲ್ಲಿ ಹೆಸರು ತಪ್ಪಾಗಿ ಮುದ್ರಣವಾಗಿದೆ. ಹೊಸ ಅರ್ಜಿ ಹಾಕಬಹುದೇ?
ಉತ್ತರ: ಮೊದಲು ತಿದ್ದುಪಡಿಗೆ ಅವಕಾಶವಿದೆಯೇ ಎಂದು ನೋಡತಕ್ಕದ್ದು. ಅವಕಾಶವಿಲ್ಲದಿದ್ದಲ್ಲಿ ಸ್ವೀಕೃತಿಯ ಪ್ರತಿಯೊಂದಿಗೆ ಸಂಬಂಧಪಟ್ಟ ನಾಡಕಚೇರಿ ಅಥವಾ ಕಚೇರಿಯನ್ನು ಪ್ರಮಾಣಪತ್ರ ಸಿದ್ಧವಾಗುವ ಮೊದಲೇ ಸಂಪರ್ಕಿಸತಕ್ಕದ್ದು.

ಪ್ರಶ್ನೆ: ಸ್ವೀಕೃತಿ ಸಂಖ್ಯೆ ದೊರೆತರೆ ಸೇವೆ ಮಂಜೂರಾದಂತೆಯೇ?
ಉತ್ತರ: ಇಲ್ಲ. ಅರ್ಜಿ ಸರ್ವರಿಗೆ ತಲುಪಿ ದಾಖಲಾಗಿದೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಅರ್ಹತೆಯ ಪರಿಶೀಲನೆಯನ್ನು ಸಂಬಂಧಪಟ್ಟ ಅಧಿಕಾರಿಗಳು ಆ ನಂತರ ನಡೆಸುತ್ತಾರೆ.